ಎರಡು ಗಡಿಯಾರಗಳ ನಾಡಿನಲ್ಲಿ

ಮಾಲ್ಟಾ ದೇಶದ ಹಳ್ಳಿಗಳ ಚರ್ಚುಗಳಿಗೆ ಎರಡೆರಡು ಗಡಿಯಾರಗಳಿರುವುದುಂಟು. ಮುಂಬದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು. ಒಂದು ಸರಿಯಾದ ವೇಳೆ ತೋರಿಸುತ್ತದೆ, ಇನ್ನೊಂದು ತಪ್ಪು ವೇಳೆ. ಕೆಲವೆಡೆ ಎರಡನೆಯದು ಬರೀ ಬಣ್ಣದಲ್ಲಿ ಬರೆದ ಚಿತ್ರ. ಪೂಜೆಯ ಹೊತ್ತು ಸೈತಾನನಿಗೆ ತಿಳಿಯಬಾರದು, ಅವನು ಗೊಂದಲಕ್ಕೆ ಬೀಳಲಿ ಎಂದು ಹೀಗೆ ಮಾಡಿದ್ದಾರೆ ಎನ್ನುವುದು ಅಲ್ಲಿನವರ ಮಾತು. ಸೈತಾನನ ಗತಿ ಏನಾಯಿತೋ ತಿಳಿಯದು. ನಾನಂತೂ ಮೊದಲ ದಿನವೇ ಗೊಂದಲಕ್ಕೆ ಬಿದ್ದು ಬಸ್ಸು ತಪ್ಪಿಸಿಕೊಂಡೆ.

ಇದು 2025ರ ಮೇ ತಿಂಗಳ ಮಾತು. ನನ್ನ ಮಗಳು ಮಾಲ್ಟಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಬೇಸಿಗೆ ರಜೆಯಲ್ಲಿ ಬನ್ನಿ ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಹೊರಡುವ ಹಿಂದಿನ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ತಾಲ್ಲೂಕು ಕೇಂದ್ರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಹುಡುಗ. ಹುಡುಗ ಎಂದರೂ ಈಗ ಅವನಿಗೆ ಮೂವತ್ತೆಂಟು. ಕೈಯಲ್ಲಿ ನಾಲ್ಕು ಹಾಳೆಯ ಒಂದು ಕಾಗದವಿತ್ತು.

“ಸಾರ್, ನೀವು ಹೋಗುವ ಊರಿನ ಕಂಪನಿ ಇದು. ಹದಿನಾಲ್ಕು ಲಕ್ಷ ಕೊಟ್ಟರೆ ನನ್ನ ಹೆಸರಿಗೆ ಅಲ್ಲಿ ಕಂಪನಿ ಮಾಡಿ, ಆನ್‌ಲೈನ್ ಆಟದ ಲೈಸೆನ್ಸೂ ತೆಗೆಸಿಕೊಡುತ್ತಾರಂತೆ. ತೋಟ ಅಡ ಇಡಬೇಕು ಅಂತಿದ್ದೇನೆ. ಒಂದು ಸಲ ನೋಡಿಕೊಂಡು ಬನ್ನಿ” ಎಂದ.

ನಾನು ವಿಜ್ಞಾನದ ಮೇಷ್ಟ್ರು. ಜೂಜಿನ ಲೈಸೆನ್ಸು ನನ್ನ ಪಾಠಕ್ಕೆ ಬಂದ ವಿಷಯವಲ್ಲ. ಆದರೆ ಎರಡು ಎಕರೆ ಅಡಿಕೆ ತೋಟ ಎಂದರೇನೆಂದು ಬಲ್ಲೆ. ಕಾಗದವನ್ನು ಮಡಚಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡೆ.

ಜೇನುಬಣ್ಣದ ಕಲ್ಲು

ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಮಾಲ್ಟಾ ಇದೆ. ಇಡೀ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರು, ನಮ್ಮ ಬೆಂಗಳೂರು ನಗರದ ಅರ್ಧವೂ ಇಲ್ಲ. ಜನ ಐದು ಲಕ್ಷಕ್ಕೆ ತುಸು ಮೇಲು. ನದಿಯಿಲ್ಲ, ಕಾಡಿಲ್ಲ. ಕಲ್ಲು ಮಾತ್ರ ಬೇಕಾದಷ್ಟು. ಮನೆ, ಕೋಟೆ, ಚರ್ಚು, ಹೊಲದ ಬೇಲಿ ಎಲ್ಲವೂ ಒಂದೇ ಜೇನುಬಣ್ಣದ ಸುಣ್ಣಕಲ್ಲಿನವು. ಕಣ್ಣಿಗೆ ಕಾಣದ ಗ್ಲೋಬಿಜೆರಿನ ಎಂಬ ಸಮುದ್ರಜೀವಿಗಳ ಚಿಪ್ಪು ಲಕ್ಷಾಂತರ ವರ್ಷ ಕೆಳಗೆ ಬಿದ್ದು ಬಿದ್ದು ಆದ ಕಲ್ಲು ಅದು. ಸಂಜೆಯ ಬಿಸಿಲಿಗೆ ಇಡೀ ವಾಲೆಟ್ಟಾ ನಗರ ಬೆಲ್ಲದ ಅಚ್ಚಿನಂತೆ ಹೊಳೆಯುತ್ತದೆ.

1565ರಲ್ಲಿ ಆಟೊಮನ್ ತುರ್ಕರ ದೊಡ್ಡ ಮುತ್ತಿಗೆಯನ್ನು ಹಿಮ್ಮೆಟ್ಟಿಸಿದ ಮೇಲೆ ಸಂತ ಜಾನ್ ಪಂಥದ ಯೋಧರು ಕಟ್ಟಿದ ನಗರವಿದು. ಅವರ ನಾಯಕ ಲಾ ವಾಲೆಟ್‌ನ ಹೆಸರೇ ಊರಿಗೆ ಬಂತು. ಬೀದಿಗಳು ದಿಬ್ಬ ಹತ್ತಿ ಇಳಿದು ಸಮುದ್ರಕ್ಕೆ ಮುಟ್ಟುತ್ತವೆ. ಮನೆಗಳ ಮೇಲೆ ಹಸಿರು, ಕೆಂಪು ಬಣ್ಣದ ಮರದ ಮುಚ್ಚು ಮೊಗಸಾಲೆಗಳು. ಜನರ ಭಾಷೆ ಕೇಳಿದರೆ ಅರಬ್ಬಿಯ ಮನೆತನದ್ದು, ಬರೆಯುವುದು ರೋಮನ್ ಲಿಪಿಯಲ್ಲಿ. ಪುಸ್ತಕಕ್ಕೆ ‘ಕ್ತೀಬ್’, ಸೋಪಿಗೆ ‘ಸಪುನಾ’. ನಮ್ಮ ಕಿತಾಬು, ಸಾಬೂನುಗಳು ಅಲ್ಲಿ ಸಿಕ್ಕಿದಾಗ ದೂರದ ನೆಂಟರನ್ನು ಕಂಡ ಹಾಗಾಯಿತು. ಊಟಕ್ಕೂ ಚಿಂತೆಯಿಲ್ಲ. ಬಟಾಣಿ ತುಂಬಿದ ಪಸ್ತಿತ್ಸಿ ನಮ್ಮ ಬೇಕರಿಯ ಪಫ್‌ನ ಅಣ್ಣ.

ಆಗ್ನೇಯ ತೀರದ ಮಾರ್ಸಾಷ್ಲಾಕ್ ಎಂಬ ಮೀನುಗಾರರ ಊರಿನಲ್ಲಿ ದೋಣಿಗಳ ಮೂತಿಗೆ ಎರಡೆರಡು ಕಣ್ಣು ಬರೆದಿರುತ್ತಾರೆ. ಸಮುದ್ರದ ಕೆಡುಕಿನಿಂದ ಅವು ಕಾಯುತ್ತವಂತೆ. ನಮ್ಮಲ್ಲಿ ಹೊಸ ಮನೆಗೆ ದೃಷ್ಟಿಗೊಂಬೆ ಕಟ್ಟುವುದಿಲ್ಲವೇ, ಹಾಗೆ.

ಹಿತ್ತಾಳೆಯ ಫಲಕಗಳು

ವಾಲೆಟ್ಟಾದಿಂದ ದೋಣಿ ಹತ್ತಿ ಆಚೆ ದಡದ ಸ್ಲೀಮಾಕ್ಕೆ ಹೋದರೆ ಬೇರೆಯೇ ಲೋಕ. ಗಾಜಿನ ಎತ್ತರದ ಕಟ್ಟಡಗಳು, ಕಾಫಿ ಅಂಗಡಿಗಳು, ಹಲವು ದೇಶಗಳ ತರುಣ ತರುಣಿಯರು. ಇವರಲ್ಲಿ ಬಹಳ ಮಂದಿಗೆ ಅನ್ನ ಕೊಡುವುದು ಆನ್‌ಲೈನ್ ಜೂಜು. 2004ರಲ್ಲಿ ಮಾಲ್ಟಾ ಯುರೋಪಿಯನ್ ಒಕ್ಕೂಟಕ್ಕೆ ಸೇರಿದ ವರ್ಷವೇ ದೂರದಿಂದ ಆಡುವ ಜೂಜಿಗೆ ನಿಯಮ ಮಾಡಿ ಲೈಸೆನ್ಸು ಕೊಡತೊಡಗಿತು. ಒಕ್ಕೂಟದಲ್ಲಿ ಹಾಗೆ ಮಾಡಿದ ಮೊದಲ ದೇಶ ಅದೇ. 2018ರಲ್ಲಿ ಹೊಸ ಕಾಯಿದೆ ಬಂತು. ಮಾಲ್ಟಾ ಗೇಮಿಂಗ್ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆ ಇದನ್ನೆಲ್ಲ ನೋಡಿಕೊಳ್ಳುತ್ತದೆ.

ಕಾಗದದಲ್ಲಿದ್ದ ವಿಳಾಸ ಹಿಡಿದು ಒಂದು ಬೆಳಿಗ್ಗೆ ಹುಡುಕುತ್ತ ಹೋದೆ. ಕ್ಷೌರದಂಗಡಿಯ ಪಕ್ಕದ ಕಿರಿದಾದ ಬಾಗಿಲು. ಗೋಡೆಯ ಮೇಲೆ ಹಿತ್ತಾಳೆಯ, ಪ್ಲಾಸ್ಟಿಕ್ಕಿನ ಫಲಕಗಳು. ಇಪ್ಪತ್ತೇಳು ಎಣಿಸಿದೆ. ನಮ್ಮ ಹುಡುಗ ಹೇಳಿದ ಹೆಸರು ಅದರಲ್ಲಿರಲಿಲ್ಲ. ಕ್ಷೌರಿಕ ಹೊರಗೆ ಬಂದು, “ಆಗಾಗ ಯಾರಾದರೂ ಬಂದು ಕಾಗದಪತ್ರ ತೆಗೆದುಕೊಂಡು ಹೋಗುತ್ತಾರೆ” ಎಂದಷ್ಟೇ ಹೇಳಿದ.

ಒಂದೇ ವಿಳಾಸದಲ್ಲಿ ಹತ್ತಾರು ಕಂಪನಿಗಳಿರುವುದು ಅಲ್ಲಿ ಅಪರಾಧವಲ್ಲ. ನಮ್ಮಲ್ಲೂ ಒಬ್ಬ ಆಡಿಟರ ಕಚೇರಿಯಲ್ಲಿ ಎಷ್ಟೋ ಕಂಪನಿಗಳ ವಿಳಾಸವಿರುತ್ತದೆ. ಅಷ್ಟಕ್ಕೇ ಕಳ್ಳ ಎನ್ನುವುದು ವಿಜ್ಞಾನದ ಮೇಷ್ಟ್ರಿಗೆ ತರವಲ್ಲ. ಒಂದು ಪರೀಕ್ಷೆ ಸಂಶಯ ಹುಟ್ಟಿಸಬಹುದು, ತೀರ್ಮಾನಕ್ಕೆ ಇನ್ನಷ್ಟು ಪರೀಕ್ಷೆ ಬೇಕು. ಆ ರಾತ್ರಿ ಮಗಳ ಕಂಪ್ಯೂಟರಿನ ಮುಂದೆ ಇಬ್ಬರೂ ಕುಳಿತೆವು.

ಲಿಟ್ಮಸ್ ಕಾಗದ

ಮಾಲ್ಟಾದಲ್ಲಿ ಬೇರೆಯವರಿಗಾಗಿ ಕಂಪನಿ ಮಾಡಿಕೊಡುವವರು ಅಲ್ಲಿನ ಹಣಕಾಸು ಸೇವಾ ಪ್ರಾಧಿಕಾರದ ಅನುಮತಿ ಪಡೆದಿರಬೇಕು. ಅನುಮತಿ ಪಡೆದವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಕಾಗದದ ಸಂಸ್ಥೆಯ ಹೆಸರು ಅಲ್ಲಿ ಇರಲಿಲ್ಲ. ನೋಂದಾಯಿತ ಕಂಪನಿಗಳ ಪಟ್ಟಿಯೂ ಹೀಗೆಯೇ ತೆರೆದಿದೆ, ಅಲ್ಲೂ ಸಿಗಲಿಲ್ಲ. ‘ನಾವು ತೆಗೆಸಿಕೊಟ್ಟ ಲೈಸೆನ್ಸು’ ಎಂದು ಕಾಗದದಲ್ಲಿ ಒಂದು ಸಂಖ್ಯೆ ಅಚ್ಚಾಗಿತ್ತು. ಗೇಮಿಂಗ್ ಅಥಾರಿಟಿಯ ಪಟ್ಟಿಯಲ್ಲಿ ಆ ಸಂಖ್ಯೆಗೆ ಬೇರೆಯೇ ಕಂಪನಿಯ ಹೆಸರಿತ್ತು. ಹೀಗೆ ತನ್ನ ಹೆಸರನ್ನು ಸುಳ್ಳಾಗಿ ಬಳಸುವವರ ಬಗ್ಗೆ ಅಥಾರಿಟಿ ಆಗಾಗ ಎಚ್ಚರಿಕೆ ಕೊಡುತ್ತಲೇ ಇರುತ್ತದೆ.

ಇನ್ನು ಮಾತಿನ ಪರೀಕ್ಷೆ. ಕಾಗದದಲ್ಲಿ ನಾಲ್ಕು ಭರವಸೆಗಳಿದ್ದವು.

ಮೊದಲನೆಯದು, ಹದಿನೈದು ದಿನದಲ್ಲಿ ಲೈಸೆನ್ಸು ಖಾತರಿ. ಕೊಡುವವರು ಸರ್ಕಾರದ ಸಂಸ್ಥೆ, ಖಾತರಿ ಕೊಡುವವನು ದಲ್ಲಾಳಿ. ಅರ್ಜಿದಾರ ಯೋಗ್ಯನೇ, ಹಣ ಎಲ್ಲಿಂದ ಬಂತು, ವ್ಯವಹಾರದ ಯೋಜನೆ ಏನು, ಯಂತ್ರವ್ಯವಸ್ಥೆ ಹೇಗಿದೆ ಎಂದೆಲ್ಲ ನೋಡಿಯೇ ಅಲ್ಲಿ ಲೈಸೆನ್ಸು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಪರೀಕ್ಷೆಗೆ ಮುಂಚೆಯೇ ಫಲಿತಾಂಶ ಹೇಳುವವನನ್ನು ನಾವು ಶಾಲೆಯಲ್ಲಿ ಏನೆನ್ನುತ್ತೇವೆ?

ಎರಡನೆಯದು, ಎಲ್ಲ ಸೇರಿ ಹದಿನಾಲ್ಕು ಲಕ್ಷ. ಮಾಲ್ಟಾದಲ್ಲಿ ಒಂದು ಖಾಸಗಿ ಕಂಪನಿ ಮಾಡಲು ಬೇಕಾದ ಕನಿಷ್ಠ ಬಂಡವಾಳ 1,164 ಯೂರೋ ಚಿಲ್ಲರೆ. ಅಂದರೆ ಲಕ್ಷ ರೂಪಾಯಿಗೆ ತುಸು ಹೆಚ್ಚು. ಅದು ಸುಲಭ. ಆದರೆ ಜನರಿಗೆ ಕ್ಯಾಸಿನೊ ಬಗೆಯ ಆಟ ಆಡಿಸುವ ಲೈಸೆನ್ಸಿಗೆ ಕನಿಷ್ಠ ಬಂಡವಾಳ ಒಂದು ಲಕ್ಷ ಯೂರೋ, ವರ್ಷದ ಶುಲ್ಕ 25,000 ಯೂರೋ. ಬಂಡವಾಳವೊಂದೇ ಕೋಟಿ ರೂಪಾಯಿಗೆ ಹತ್ತಿರ. ಕಂಪನಿಯೇ ಬೇರೆ, ಲೈಸೆನ್ಸೇ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಬೆಲೆ ಕೇಳುವುದೇ ಈ ಆಟದ ಗುಟ್ಟು.

ಮೂರನೆಯದು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ನಿಜವಾದ ಒಡೆಯ ಯಾರೆಂದು ತಿಳಿಯದೆ ಲೈಸೆನ್ಸೇ ಕೊಡದ ಕಡೆ ಹೆಸರು ಅಡಗಿಸುವುದು ಹೇಗೆ? ಒಡೆತನ ಮುಚ್ಚಿಡುತ್ತೇನೆ ಎನ್ನುವವನು ತನ್ನನ್ನೂ ಮುಚ್ಚಿಟ್ಟುಕೊಂಡಿರುತ್ತಾನೆ.

ನಾಲ್ಕನೆಯದು, ತೆರಿಗೆ ಬರೀ ಶೇಕಡಾ 5. ಇದರಲ್ಲಿ ಮಾತ್ರ ಅರ್ಧ ಸತ್ಯವಿತ್ತು. ಅಲ್ಲಿ ಕಂಪನಿ ತೆರಿಗೆ ಶೇಕಡಾ 35. ಲಾಭ ಹಂಚಿದ ಮೇಲೆ ಷೇರುದಾರರು ಅದರಲ್ಲಿ ಏಳರಲ್ಲಿ ಆರು ಪಾಲನ್ನು ವಾಪಸು ಕೇಳಬಹುದು. ಉಳಿಯುವುದು 5. ಆದರೆ ನಮ್ಮ ಊರಿನಲ್ಲಿ ವಾಸವಿರುವವನು ಆ ಲಾಭವನ್ನು ಇಲ್ಲಿಯ ಆದಾಯ ತೆರಿಗೆಗೂ ತೋರಿಸಬೇಕು ಎನ್ನುವ ಸಾಲು ಕಾಗದದಲ್ಲಿ ಇರಲಿಲ್ಲ.

ಇರದಿದ್ದ ಇನ್ನೊಂದು ಸಾಲು ಇದಕ್ಕಿಂತ ದೊಡ್ಡದು. ನಮ್ಮ ಕೇಂದ್ರ ಸರ್ಕಾರದ 2022ರ ವಿದೇಶಿ ಹೂಡಿಕೆ ನಿಯಮಗಳ ಪ್ರಕಾರ, ಭಾರತದಲ್ಲಿ ವಾಸವಿರುವವರು ಜೂಜು ನಡೆಸುವ ವಿದೇಶಿ ಕಂಪನಿಯಲ್ಲಿ ನೇರ ಹೂಡಿಕೆ ಮಾಡುವಂತೆಯೇ ಇಲ್ಲ. ಅಂದರೆ ಆ ಸಂಸ್ಥೆ ಅಪ್ಪಟ ಪ್ರಾಮಾಣಿಕವೇ ಆಗಿದ್ದರೂ ನಮ್ಮ ಹುಡುಗನಿಗೆ ಆ ದಾರಿ ಮುಚ್ಚಿತ್ತು. ಮನೆಬಾಗಿಲಲ್ಲೇ ಇದ್ದ ಈ ಉತ್ತರ ತಿಳಿಯಲು ನಾನು ಸಮುದ್ರ ದಾಟಬೇಕಾಯಿತು.

ಮೋಸವಿಲ್ಲದ ಲೆಕ್ಕ

ಹಾಗಾದರೆ ನಿಜವಾದ ಲೈಸೆನ್ಸು ಇದ್ದವರೆಲ್ಲ ಒಳ್ಳೆಯವರೋ? ಸ್ಲೀಮಾದಿಂದ ಮುಂದಿನ ಊರು ಸೇಂಟ್ ಜೂಲಿಯನ್ಸ್. ಅಲ್ಲಿಯ ಕ್ಯಾಸಿನೊಗಳ ದೀಪ ನೋಡುತ್ತ ನಡೆಯುವಾಗ ಮಗಳಿಗೆ ರೂಲೆಟ್‌ನ ಲೆಕ್ಕ ಹೇಳಿದೆ. ಒಂದೇ ಸೊನ್ನೆಯ ಚಕ್ರದಲ್ಲಿ 37 ಮನೆಗಳಿವೆ. ಒಂದು ಸಂಖ್ಯೆಗೆ ನೂರು ರೂಪಾಯಿ ಕಟ್ಟಿ ಗೆದ್ದರೆ ಒಂದಕ್ಕೆ ಮೂವತ್ತೈದರಂತೆ ಸಿಗುತ್ತದೆ, ಕಟ್ಟಿದ ನೂರೂ ವಾಪಸು. 37 ಮನೆಗೂ ನೂರರಂತೆ ಕಟ್ಟಿ ನೋಡಿ. ಹಾಕಿದ್ದು 3,700, ಬಂದದ್ದು 3,600. ಚಕ್ರ ಎಷ್ಟೇ ನ್ಯಾಯವಾಗಿ ತಿರುಗಿದರೂ ನೂರಕ್ಕೆ 2 ರೂಪಾಯಿ 70 ಪೈಸೆ ಮನೆಯವನಿಗೆ. ಲೈಸೆನ್ಸು ಕೊಡುವ ಸರ್ಕಾರ ಚಕ್ರ ಓರೆಯಾಗಿಲ್ಲ ಎಂದು ನೋಡುತ್ತದೆ. ಆಡುವವನು ಗೆಲ್ಲುತ್ತಾನೆ ಎಂದು ಅದು ಎಂದೂ ಹೇಳಿಲ್ಲ.

ಸರ್ಕಾರದ ಕಣ್ಣೂ ಕೆಲವೊಮ್ಮೆ ದೋಣಿಯ ಮೇಲೆ ಬರೆದ ಕಣ್ಣಿನ ಹಾಗೆ. ವಾಲೆಟ್ಟಾದ ನ್ಯಾಯಾಲಯದ ಎದುರು ಮಹಾ ಮುತ್ತಿಗೆಯ ಸ್ಮಾರಕವಿದೆ. ಅದರ ಬುಡದಲ್ಲಿ ಹೂವು, ಮೇಣದ ಬತ್ತಿ, ಒಬ್ಬ ಹೆಂಗಸಿನ ಚಿತ್ರ. ದಾಫ್ನೆ ಕರೂವಾನಾ ಗಲೀಜಿಯಾ ಎಂಬ ಪತ್ರಕರ್ತೆ. ವಿದೇಶಿ ಗುಪ್ತ ಕಂಪನಿಗಳ ಹಿಂದಿದ್ದ ದೊಡ್ಡವರ ಹೆಸರು ಬರೆಯುತ್ತಿದ್ದ ಆಕೆಯನ್ನು 2017ರ ಅಕ್ಟೋಬರ್ 16ರಂದು ಕಾರಿನಲ್ಲಿ ಬಾಂಬಿಟ್ಟು ಕೊಂದರು. ಆ ಸಾವಿಗೆ ಸರ್ಕಾರವೂ ಹೊಣೆ ಹೊರಬೇಕು ಎಂದು 2021ರಲ್ಲಿ ಸಾರ್ವಜನಿಕ ವಿಚಾರಣೆಯ ವರದಿ ಹೇಳಿತು. ಅದೇ ವರ್ಷ ಜೂನ್‌ನಲ್ಲಿ, ಕಪ್ಪು ಹಣ ತಡೆಯುವ ವಿಷಯದಲ್ಲಿ ಹಿಂದಿದೆ ಎಂದು ಅಂತರರಾಷ್ಟ್ರೀಯ ಸಂಸ್ಥೆಯೊಂದು ಮಾಲ್ಟಾವನ್ನು ಬೂದು ಪಟ್ಟಿಗೆ ಸೇರಿಸಿತು. ಒಂದು ವರ್ಷದ ಮೇಲೆ ತೆಗೆಯಿತು. ಆ ಚಿತ್ರದ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಪಟ್ಟಿಗಳನ್ನು ನಾವು ಮನೆಯಲ್ಲಿ ಕುಳಿತು ನೋಡಿದೆವು. ಪಟ್ಟಿಯಲ್ಲಿಲ್ಲದ್ದನ್ನು ನೋಡಲು ಹೋದವಳ ಗತಿ ಇದು.

ಊರಿಗೆ ಬಂದ ಮೇಲೆ

ಹೊರಡುವ ದಿನ ಅಪ್ಪರ್ ಬರಾಕ್ಕಾ ತೋಟಕ್ಕೆ ಹೋಗಿದ್ದೆ. ಕೆಳಗೆ ನೀಲಿ ಬಂದರು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅಲ್ಲಿ ಫಿರಂಗಿ ಹಾರಿಸುತ್ತಾರೆ. ಹಿಂದೆ ಹಡಗಿನವರು ಅದನ್ನು ಕೇಳಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಸುತ್ತಲಿದ್ದವರ ಜೊತೆ ನಾನೂ ಕೈಗಡಿಯಾರ ನೋಡಿಕೊಂಡೆ. ಎರಡು ನಿಮಿಷ ಹಿಂದಿತ್ತು.

ಹುಡುಗನಿಗೆ ಫೋನಿನಲ್ಲೇ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಸಾರ್, ನಿಮಗೆ ಹೇಳಿರಲಿಲ್ಲ. ಬುಕಿಂಗ್ ಅಂತ ಎರಡು ಲಕ್ಷ ಆಗಲೇ ಕಳಿಸಿಬಿಟ್ಟಿದ್ದೆ” ಎಂದ. ಬೈಯಲು ಬಾಯಿ ಬರಲಿಲ್ಲ. ತೊಂಬತ್ತರ ದಶಕದಲ್ಲಿ, ಕೆಲಸ ಸಿಕ್ಕಿದ ಹೊಸತರಲ್ಲಿ, ತೇಗದ ಗಿಡದ ಸ್ಕೀಮಿಗೆ ನಾನೂ ಐದು ಸಾವಿರ ಕಟ್ಟಿದವನು. ಬಣ್ಣದ ಪುಸ್ತಿಕೆ ನೋಡಿದ್ದೆನೇ ಹೊರತು ಗಿಡ ನೋಡಲು ಹೋಗಿರಲಿಲ್ಲ.

ಆ ಎರಡು ಲಕ್ಷ ಬರಲಿಲ್ಲ. ದೂರು ಕೊಟ್ಟಿದ್ದಾನೆ. ತೋಟ ಮಾತ್ರ ಅಡ ಬೀಳಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ ಎಂದು ಅದರಲ್ಲಿದೆ. ಆ ಸುದ್ದಿ ಬಂದ ದಿನ ಅವನು ಪತ್ರಿಕೆ ಹಿಡಿದುಕೊಂಡೇ ಶಾಲೆಗೆ ಬಂದ.

ಲ್ಯಾಬಿನಲ್ಲಿ ಒಂಬತ್ತನೆಯ ತರಗತಿ ನಡೆಯುತ್ತಿತ್ತು. ವಾಲೆಟ್ಟಾದಲ್ಲಿ ರಿಪೇರಿ ನಡೆಯುತ್ತಿದ್ದ ಮನೆಯ ಮುಂದೆ ಬಿದ್ದಿದ್ದ ಬೆರಳುದ್ದದ ಕಲ್ಲಿನ ಚೂರನ್ನು, ಕೆಲಸದವನನ್ನು ಕೇಳಿ ತಂದಿದ್ದೆ. ಅದರ ಮೇಲೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ಬುರುಬುರು ನೊರೆ ಬಂತು. ಸುಣ್ಣಕಲ್ಲು ಹೌದು ಎಂದು ಮಕ್ಕಳು ಬರೆದುಕೊಂಡರು. ಅವನು ಹಿಂದಿನ ಬೆಂಚಿನಲ್ಲಿ, ತಾನು ಹಿಂದೆ ಕೂರುತ್ತಿದ್ದ ಜಾಗದಲ್ಲೇ, ಗಂಟೆ ಹೊಡೆಯುವವರೆಗೆ ಕುಳಿತಿದ್ದ.