ಹಸಿರು ಅಂಕಿ, ಸವೆದ ಟೈರು

ನಾವು ಮೂವರು ಹಳ್ಳಿ ಮೇಷ್ಟ್ರುಗಳು ಕೂಡಿ ಒಂದು ಮಾರುತಿ ೮೦೦ ಇಟ್ಟುಕೊಂಡಿದ್ದೇವೆ. ೧೯೯೯ರ ಗಾಡಿ. ಆ ಹೆಸರಿನ ಕಾರು ೧೯೮೩ರ ಕೊನೆಗೆ ರಸ್ತೆಗಿಳಿಯಿತು, ೨೦೧೪ರಲ್ಲಿ ಅದನ್ನು ಮಾಡುವುದೇ ನಿಂತಿತು. ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ನಮ್ಮದು ನಾಲ್ಕು ಕೈ ದಾಟಿತ್ತು. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದ ಊರಿನ ಶಾಲೆ. ಹೋಗೋಕೆ ೧೬ ಕಿಲೋಮೀಟರ್, ಬರೋಕೆ ಅಷ್ಟೇ. ನಮಗೆ ಇದು ಷೋಕಿಯಲ್ಲ, ಕಾಲು.

ಈಚೆಗೆ ಮುಂದಿನ ಎರಡೂ ಟೈರುಗಳು ಒಳಮಗ್ಗುಲಲ್ಲಿ ತಂತಿ ಕಾಣುವಷ್ಟು ಸವೆದವು. ಹೊರಮಗ್ಗುಲು ಮಾತ್ರ ಗಟ್ಟಿಯಾಗಿತ್ತು. ಕಾಲ್ಬೆರಳು ಹೊರಕ್ಕೆ ಚಾಚಿ ನಡೆಯುವವರ ಹಾಗೆ ಚಕ್ರಗಳು ಹೊರಗೆ ನೋಡುತ್ತಿದ್ದವು. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೂ ಕಾಲ್ಬೆರಳೇ: ಟೋ. ನಮ್ಮ ಗಣಿತದ ಮೇಷ್ಟ್ರು ಲೆಕ್ಕ ಹಾಕಿದರು. ಒಂದು ಚಕ್ರ ಅರ್ಧ ಡಿಗ್ರಿ ಹೊರಳಿದ್ದರೆ ಕಿಲೋಮೀಟರಿಗೆ ಸುಮಾರು ೯ ಮೀಟರಿನಷ್ಟು ಟೈರು ಪಕ್ಕಕ್ಕೆ ಉಜ್ಜಿಕೊಳ್ಳಬೇಕು. ಶಾಲೆ ಮುಟ್ಟೋದರೊಳಗೆ ೧೪೦ ಮೀಟರ್. ಅಂದರೆ ನಮ್ಮ ಸಂಬಳವನ್ನು ದಿನಾ ಡಾಂಬರಿಗೆ ತೇಯ್ದ ಹಾಗೆ. ಮಳೇಲಿ ಬ್ರೇಕು ಹಾಕಿದರೆ ಜೀವವನ್ನೂ.

ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಹೋದೆವು. ನಾಲ್ಕೂ ಚಕ್ರಕ್ಕೆ ನಾಲ್ಕು ಹಲಗೆ ಸಿಕ್ಕಿಸುತ್ತಾರೆ. ಎದುರಿನ ಕಂಬದ ಕ್ಯಾಮೆರಾ ಅವನ್ನು ನೋಡುತ್ತದೆ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿದರೆ ರಿಮ್ಮಿನ ಸೊಟ್ಟನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಪರದೆ ಮೇಲೆ ಅಂಕಿಗಳು: ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ. ಕೂದಲೆಳೆಯ ಅಂತರವನ್ನೂ ಹಿಡಿಯುವ ಯಂತ್ರ ಅದು.

ಆದರೆ ಯಂತ್ರಕ್ಕೆ ಮೊದಲು ಇದು ಯಾವ ಗಾಡಿ ಅಂತ ಹೇಳಬೇಕು. ಹುಡುಗ ಪಟ್ಟಿ ತಡಕುತ್ತಿದ್ದ. ಮಾಲೀಕ ಕೂತಲ್ಲಿಂದಲೇ ಕೂಗಿದ: 'ಲೇ, ಆ ಡಕೋಟಾ ಗಾಡೀನ ಎಲ್ಲಿ ಹುಡುಕ್ತೀಯ, ಯಾವುದಾದ್ರೂ ಸಣ್ಣ ಕಾರು ಒತ್ತು!' ಹುಡುಗ ಒತ್ತಿದ. ಅದು ದೊಡ್ಡ ರಿಮ್ಮಿನ ಹೊಸ ಕಾರು. ನಮ್ಮದು ೧೨ ಇಂಚಿನ ರಿಮ್ಮು. ಇದರಲ್ಲಿ ಒಂದು ಡಿಗ್ರಿ ಅಂದರೆ ೫ ಮಿಲಿಮೀಟರ್ ಚಿಲ್ಲರೆ, ೧೭ ಇಂಚಿನದರಲ್ಲಿ ೭ ದಾಟುತ್ತದೆ. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದು ಹೇಗೆ? ಕಾಲು ಗಂಟೆಯಲ್ಲಿ ಟೋ ಹಸಿರಾಯಿತು. ಕ್ಯಾಂಬರ್ ಮಾತ್ರ ಕೆಂಪು. 'ಮಿಷನ್ ಹಾಕಿ ಎಳೆದು ಸರಿ ಮಾಡ್ತೀವಿ, ಅದಕ್ಕೆ ಬೇರೆ ಚಾರ್ಜು' ಅಂದರು. ಒಲ್ಲೆವೆಂದು ಬಂದೆವು. ಎರಡು ವಾರಕ್ಕೆ ಗಾಡಿ ಮತ್ತೆ ಎಡಕ್ಕೆ ಎಳೆಯತೊಡಗಿತು.

ನಮ್ಮೂರ ದಾರಿಯ ಬೇವಿನ ಮರದಡಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಅವರ ಹತ್ತಿರ ಪರದೆಯಿಲ್ಲ, ಜಾಕು ಇದೆ. ಮೊದಲು ಗಾಳಿ ನೋಡಿದರು. ಚಕ್ರ ಎತ್ತಿ ಎಡಬಲಕ್ಕೆ ಹಿಡಿದು ಅಲ್ಲಾಡಿಸಿದರು. 'ಟೈ ರಾಡ್ ಎಂಡು ಹೋಗದೆ ಮೇಷ್ಟ್ರೇ.' ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಬೇರಿಂಗೂ ಬಾಲ್ ಜಾಯಿಂಟೂ ಗಟ್ಟಿ. ಕೆಳಗೆ ಕಬ್ಬಿಣದ ರಾಡು ಹಾಕಿ ಮೀಟಿದರು. ಎಡಗಡೆ ಆರ್ಮಿನ ಬುಷ್ಷು ಹರಿದಿತ್ತು.

'ನಾವು ದಾರ ಕಟ್ಟಿ ಚಕ್ರ ನೇರ ಮಾಡ್ತಿದ್ವಿ. ಮಿಷನ್ನು ದಾರಕ್ಕಿಂತ ಚೆಂದಾಗಿ ನೋಡ್ತದೆ, ಇಲ್ಲ ಅನ್ನಲ್ಲ. ಆದ್ರೆ ನಿಂತಾಗ ಒಂದು ಕಡೆ, ಓಡುವಾಗ ಒಂದು ಕಡೆ ತಿರುಗೋ ಚಕ್ರಾನ ಅಳೆದು ಏನು ಪ್ರಯೋಜನ?' ಅಂದರು. ಕ್ಯಾಂಬರಿನ ಮಾತಿಗೆ ನಕ್ಕರು. ಈ ಗಾಡಿಯಲ್ಲಿ ತಿರುಗಿಸಿ ಸರಿಮಾಡಲು ಕಂಪನಿ ಕೊಟ್ಟಿರುವುದು ಟೋ ಒಂದೇ. ಕ್ಯಾಂಬರ್ ತಪ್ಪಿದ್ದರೆ ಏನೋ ಸವೆದಿದೆ ಅಥವಾ ಬಾಗಿದೆ ಎಂದರ್ಥ. ಅದನ್ನು ಹುಡುಕಿ ಬದಲಿಸಬೇಕು. ಬೇರೆ ಕಡೆ ಎಳೆದು ಬಗ್ಗಿಸಿದರೆ ಅಂಕಿ ಹಸಿರಾಗಬಹುದು, ರೋಗ ಅಲ್ಲೇ ಇರುತ್ತದೆ.

ಎಂಡೂ ಬುಷ್ಷೂ ಹಾಕಿಸಿ ಅದೇ ಅಂಗಡಿಗೆ ಹೋದೆವು. ಮಾಲೀಕನ ಮುಖ ನೋಡದೆ ಹುಡುಗನ ಪಕ್ಕ ನಿಂತು ನಮ್ಮ ಗಾಡಿಯ ಹೆಸರು ಪಟ್ಟಿಯಲ್ಲಿ ಹುಡುಕಿಸಿದೆವು. ಇತ್ತು, ಕೊನೆಯಲ್ಲಿ. ಸ್ಟೇರಿಂಗು ನೇರಕ್ಕೆ ಬಿಗಿದು, ತುಕ್ಕು ಹಿಡಿದ ಲಾಕ್ ನಟ್ಟಿಗೆ ಎಣ್ಣೆ ಬಿಟ್ಟು, ಆ ಹುಡುಗ ಗುಂಡಿಯೊಳಗೆ ಬೆವರುತ್ತಾ ಎರಡೂ ಕಡೆ ಸಮನಾಗಿ ತಿರುಗಿಸಿದ. ಕ್ಯಾಂಬರೂ ತಾನಾಗಿ ಹಸಿರಿಗೆ ಬಂತು. ಆಮೇಲೆ ಮೆಲ್ಲಗೆ ಕೇಳಿದ: 'ಟೋ ಅಂದ್ರೆ ಏನು ಸಾ? ಹಸಿರು ಬರೋಗಂಟ ತಿರುಗ್ಸು ಅಂತಾರೆ, ಅಷ್ಟೇ.'

ಗೆಳೆಯರೇ, ನಮ್ಮನ್ನು ಚುಚ್ಚಿದ್ದು ಇದು. ಎಷ್ಟೋ ಗಾಡಿಗಳ ಚಕ್ರ ನೇರ ಮಾಡಿದ ಹುಡುಗನಿಗೆ ತಾನು ಮಾಡುವುದೇನೆಂದು ಯಾರೂ ಹೇಳಿಲ್ಲ. ಅರಿವು ಕುರ್ಚಿಗೆ, ಸ್ಪ್ಯಾನರು ಗುಂಡಿಗೆ. ಈ ಹಂಚಿಕೆ ನಮಗೆ ಗೊತ್ತಿಲ್ಲದ್ದೇನಲ್ಲ. ಹೊಸ ಯಂತ್ರ ಬಂದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಅಲ್ಲೇ ನಿಂತು ನಮ್ಮ ಪಾದಗಳನ್ನೇ ಒಳಕ್ಕೆ, ಹೊರಕ್ಕೆ ತಿರುಗಿಸಿ ತೋರಿಸಿದೆವು. ಒಂದೇ ಸಲಕ್ಕೆ ಹಿಡಿದುಕೊಂಡ.

ಹಳೇ ಗಾಡಿ ಇರುವವರು ಕೇಳಿ ಪಡೆಯಿರಿ. ಮೊದಲು ಎತ್ತಿ ಅಲ್ಲಾಡಿಸಿ ನೋಡಲಿ. ನಿಮ್ಮ ಗಾಡಿಯ ಅಳತೆಯನ್ನೇ ಹಾಕಲಿ. ಮೊದಲಿನದು, ಆಮೇಲಿನದು ಎರಡೂ ಅಂಕಿಯ ಚೀಟಿ ಕೊಡಲಿ. ಆ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಗುಂಡಿಯಲ್ಲಿರುವ ಹುಡುಗನ ಜತೆ ಕೂತು ಓದಿ.