ತೋಡು ತುಂಬುವ ಮೊದಲು

ಬೆಕ್ಕನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ತರುವಾಗ ಗೋಣಿಚೀಲದೊಳಗೆ ಹಾಕಿ ತರುವುದು ನಮ್ಮ ಕುಂದಾಪುರದ ಕಡೆಯ ಹಳೆಯ ಕ್ರಮ. ದಾರಿ ಕಂಡರೆ ಅದು ವಾಪಸು ಹೋಗಿಬಿಡುತ್ತದೆ ಎಂಬ ಲೆಕ್ಕ. ಹೊಸ ದನ ಬಂದರೆ ಕೆಲವು ದಿನ ಹಟ್ಟಿಯಿಂದ ಬಿಚ್ಚುವುದಿಲ್ಲ. ನಾಯಿಮರಿಯದ್ದು ಇನ್ನೂ ಸುಲಭ, ಅನ್ನ ಹಾಕಿದ ಕೈಯೇ ಅದಕ್ಕೆ ಮನೆ. ಬಾತುಕೋಳಿಗೆ ಮಾತ್ರ ಅಮ್ಮನ ಹತ್ತಿರವೂ ಯಾವ ಶಾಸ್ತ್ರ ಇರಲಿಲ್ಲ.

ಮೇ ಕೊನೆಯ ವಾರ, ತೂತು ಕೊರೆದ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಏಳು ಬಾತುಕೋಳಿಗಳು ಬಂದವು. ಖಾಕಿ ಕ್ಯಾಂಪ್‌ಬೆಲ್ ತಳಿ, ಎರಡು ತಿಂಗಳ ಪ್ರಾಯ. ಮಳೆಗಾಲದಲ್ಲಿ ಅಮ್ಮನ ಬಸಳೆ, ಹರಿವೆಗಳನ್ನು ರಾತ್ರಿ ಬೆಳಗಾಗುವುದರೊಳಗೆ ಬೋಳಿಸುವ ಬಸವನಹುಳುಗಳಿಗೆ ಇವೇ ಮದ್ದು ಎಂದು ತರಿಸಿದ್ದು. ಆಫ್ರಿಕನ್ ಬಸವನಹುಳು ಬೆಳೆದು ದೊಡ್ಡದಾದರೆ ಬಾತಿನ ಗಂಟಲಲ್ಲಿ ಇಳಿಯುವುದಿಲ್ಲ, ಮರಿಗಳನ್ನಾದರೂ ತಿನ್ನಲಿ ಎಂಬ ಆಸೆ.

ತೊಂದರೆ ಇದ್ದದ್ದು ಮನೆಯ ಹಿಂದಿನ ತೋಡಿನಲ್ಲಿ. ಮೇ ತಿಂಗಳಲ್ಲಿ ಅದು ಬರೀ ಕಲ್ಲು, ತರಗೆಲೆ. ಮಳೆ ಹಿಡಿದರೆ ಮೊಣಕಾಲು ಮುಳುಗುವ ಕೆಂಪು ನೀರು, ಅಲ್ಲಿಂದ ಹೊಳೆ, ಹೊಳೆಯಿಂದ ಕಡಲು. ಎರಡು ವರ್ಷದ ಹಿಂದೆ ಆಚೆಮನೆಯವರು ನಾಲ್ಕು ಬಾತು ತಂದು ಅವತ್ತೇ ಅಂಗಳಕ್ಕೆ ಬಿಟ್ಟಿದ್ದರು. ಸಂಜೆ ಮಳೆ ಬಂತು, ನೀರು ಇಳಿಯುವ ಕಡೆಗೆ ಅವೂ ಇಳಿದು ಹೋದವು. ಮರುದಿನ ಅವರ ಮಗ ಸೇತುವೆಯವರೆಗೂ ಕೇಳಿಕೊಂಡು ಹೋಗಿ ಬರಿಗೈಯಲ್ಲಿ ಬಂದ. ಹಾಗಾಗಿ ನಮ್ಮ ಕೈಯಲ್ಲಿ ಇದ್ದದ್ದು ಮಳೆ ಗಟ್ಟಿಯಾಗುವವರೆಗಿನ ಎರಡು ವಾರ. ಅಷ್ಟರೊಳಗೆ ಈ ಏಳಕ್ಕೂ ಇದು ನಿಮ್ಮ ಮನೆ ಎಂದು ತಿಳಿಯಬೇಕು.

ಮೊಟ್ಟೆಯೊಡೆದ ಮರಿ ಮೊದಲ ಒಂದೆರಡು ದಿನಗಳಲ್ಲಿ ಯಾರನ್ನು ಕಂಡು ಹಿಂಬಾಲಿಸುತ್ತದೋ ಅವರನ್ನೇ ತಾಯಿ ಎಂದುಕೊಳ್ಳುತ್ತದೆ. ಇದನ್ನು ಬಾತು ಮತ್ತು ಹೆಬ್ಬಾತುಗಳ ಜೊತೆ ಬದುಕಿ ಲೋಕಕ್ಕೆ ತಿಳಿಸಿದವನು ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್. 1973ರಲ್ಲಿ ನೊಬೆಲ್ ಪಡೆದ ಈ ವಿಜ್ಞಾನಿ, ಬಾತುಮರಿಗಳು ತನ್ನ ಹಿಂದೆ ಬರಲಿ ಎಂದು ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ತೆವಳುತ್ತಾ ಬಿಡದೆ ಕ್ವಾಕ್ ಕ್ವಾಕ್ ಎನ್ನುತ್ತಿದ್ದನಂತೆ. ನಮಗೆ ಆ ಭಾಗ್ಯವಿಲ್ಲ, ತಾಯಿಯಾಗುವ ಗಡುವು ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ಯಂತ್ರದಲ್ಲಿ ಮರಿಯಾದ ಇವಕ್ಕೆ ಒಂದಕ್ಕೊಂದೇ ತಾಯಿ, ಒಂದಕ್ಕೊಂದೇ ಮನೆ. ಒಂದು ತಿರುಗಿದರೆ ಏಳೂ ತಿರುಗುತ್ತವೆ. ತೋಡಿಗೆ ಒಂದು ಹೋದರೆ ಏಳೂ ಹೋದವು ಎಂದೇ ಅರ್ಥ. ನಮ್ಮ ಪಾಲಿಗೆ ಉಳಿದದ್ದು ಅಭ್ಯಾಸ ಮಾಡಿಸುವುದೊಂದೇ.

ಬಚ್ಚಲಿನ ಪಕ್ಕದ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡಿದೆವು. ಬಾತು ಕೋಳಿಯ ಹಾಗೆ ಕೊಂಬೆ ಹತ್ತಿ ಮಲಗುವ ಜಾತಿಯಲ್ಲ, ನೆಲದಲ್ಲೇ ಮಲಗುತ್ತದೆ. ಮುಂಗುಸಿ, ನರಿ, ಬೀದಿನಾಯಿ, ಯಾವುದು ಬಂದರೂ ಅದಕ್ಕೆ ಓಟವಿಲ್ಲ. ಸಂದುಗಳಿಗೆಲ್ಲ ಸಣ್ಣ ಕಣ್ಣಿನ ತಂತಿ ಬಲೆ ಹೊಡೆದು, ನೆಲಕ್ಕೆ ಉಮಿ ಹರವಿದೆ. ಈಜಲು ನೀರು ಸಿಗದಿದ್ದರೂ ಕೆಲವು ದಿನ ನಡೆಯುತ್ತದೆ, ಆದರೆ ತಲೆ ಪೂರ್ತಿ ಮುಳುಗಿಸುವಷ್ಟು ಆಳದ ಪಾತ್ರೆ ಬೇಕೇ ಬೇಕು. ಕಣ್ಣು, ಮೂಗು ತೊಳೆದುಕೊಳ್ಳುವುದು ಅದರಲ್ಲಿ. ಒಂದು ತುತ್ತು ತಿಂದು ಒಂದು ಗುಟುಕು ನೀರು ಕುಡಿಯದಿದ್ದರೆ ತುತ್ತು ಇಳಿಯುವುದಿಲ್ಲ. ಹೀಗಾಗಿ ಉಮಿ ಅರ್ಧ ಗಂಟೆಯಲ್ಲಿ ಕೆಸರು. ಆ ಹನ್ನೆರಡು ದಿನ ನಾನು ಮಾಡಿದ ಮುಖ್ಯ ಕೆಲಸ ಉಮಿ ಬದಲಿಸಿದ್ದು.

ತಿನ್ನಲು ನೆನೆಸಿದ ನುಚ್ಚು, ತೌಡು, ಜೊತೆಗೆ ಅಂಗಡಿಯ ಬಾತಿನ ಆಹಾರ. ಅಮ್ಮ ದನಕ್ಕೆ ತಂದ ನೆಲಗಡಲೆ ಹಿಂಡಿ ಹಾಕಲು ಹೊರಟಿದ್ದರು, ನಾನು ಬಿಡಲಿಲ್ಲ. ಬೂಸಲು ಹಿಡಿದ ಹಿಂಡಿಯ ವಿಷಕ್ಕೆ ಬಾತಿನಷ್ಟು ಬೇಗ ಸಾಯುವ ಸಾಕುಹಕ್ಕಿ ಇಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಜೊತೆಗೆ ಬಾತುಮರಿಗಳೂ ಸತ್ತವು. ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಹಡಗಿನಲ್ಲಿ ಬಂದ ನೆಲಗಡಲೆ ಹಿಂಡಿಯ ಬೂಸಲು. ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗಲೇ. ನಮ್ಮ ಕಡೆ ಜೂನ್ ತಿಂಗಳಲ್ಲಿ ಬೂಸಲು ಹಿಡಿಯದ ವಸ್ತು ಯಾವುದಿದೆ?

ಅಮ್ಮನ ತಕರಾರು ಹಿಂಡಿಯದ್ದಲ್ಲ. "ನೀರಲ್ ಇಪ್ಪು ಹಕ್ಕಿನ ಉಮಿ ಮೇಲೆ ಕೂರ್ಸುದಾ? ಪಾಪ ಅಲ್ದಾ?" ದಿನಕ್ಕೆ ಎರಡು ಸಲ ಈ ಪ್ರಶ್ನೆ. ಐದನೆಯ ರಾತ್ರಿ ಮೊದಲ ಮಳೆ ಹೆಂಚಿನ ಮೇಲೆ ಬಿದ್ದಾಗ ಕೊಟ್ಟಿಗೆಯೊಳಗೆ ಎದ್ದ ಗಲಾಟೆ ಕೇಳಿ ನನಗೂ ಹಾಗೇ ಅನ್ನಿಸಿತು. ಕೂಗುವುದೆಲ್ಲ ಹೆಣ್ಣುಗಳು, ಗಂಡು ಬಾತಿಗೆ ಶೀತ ಹಿಡಿದವರ ಹಾಗೆ ಒಡೆದ ಸಣ್ಣ ದನಿ. ಟಾರ್ಚು ಹಿಡಿದು ನೋಡಿದರೆ ಏಳೂ ಮೂಲೆಯಲ್ಲಿ ಒತ್ತಿಕೊಂಡಿವೆ. ಸಾಲಿನ ತುದಿಯಲ್ಲಿ ಮಲಗಿದ ಬಾತು ಹೊರಗಡೆಯ ಕಣ್ಣನ್ನು ತೆರೆದಿಟ್ಟು ಅರ್ಧ ಮೆದುಳಿನಲ್ಲಿ ಮಾತ್ರ ನಿದ್ದೆ ಮಾಡುತ್ತದೆ ಎಂದು ಓದಿದ್ದೆ. ಅವತ್ತು ಹದಿನಾಲ್ಕು ಕಣ್ಣೂ ತೆರೆದಿದ್ದವು.

ಆದರೆ ಬಾಗಿಲು ತೆರೆಯಲಿಲ್ಲ. ಸಾಕಿದ ಪ್ರಾಣಿಯನ್ನು ಬಂದ ದಿನವೇ ಬಿಟ್ಟುಬಿಡುವುದು ಕರುಣೆ ಅಲ್ಲ, ಅದನ್ನು ದಿಕ್ಕಿಲ್ಲದಂತೆ ಮಾಡುವುದು ಎಂಬುದು ನನ್ನ ಹಟ. ಅಮ್ಮ ಬೈದುಕೊಂಡೇ ಅಸಲು ಕೆಲಸ ಮಾಡಿದರು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ನಗ್ಗಿದ ಅಲ್ಯುಮಿನಿಯಂ ಪಾತ್ರೆಗೆ ಸೌಟಿನಿಂದ ಮೂರು ಬಡಿತ, ಆಮೇಲೆ ಆಹಾರ. ಬಡಿತವಿಲ್ಲದೆ ಆಹಾರವಿಲ್ಲ, ಆಹಾರವಿಲ್ಲದೆ ಬಡಿತವಿಲ್ಲ. ಏಳೆಂಟು ದಿನವಾಗುವಾಗ ಸೌಟು ಎತ್ತಿದ ಸದ್ದಿಗೇ ಕೊರಳು ಉದ್ದವಾಗತೊಡಗಿದವು.

ಕೇರಳದ ಕುಟ್ಟನಾಡಿನಲ್ಲಿ ಬಾತು ಮೇಯಿಸುವವರಿಗೆ ಕೊಟ್ಟಿಗೆಯೇ ಇಲ್ಲ. ಕುಯ್ಲು ಮುಗಿದ ಗದ್ದೆಯಿಂದ ಗದ್ದೆಗೆ, ಕೆಲವೊಮ್ಮೆ ಲಾರಿ ಹತ್ತಿಸಿ ದೂರದ ಊರುಗಳಿಗೂ, ಸಾವಿರಗಟ್ಟಲೆ ಬಾತುಗಳ ಹಿಂಡನ್ನು ಕೊಂಡೊಯ್ಯುತ್ತಾರೆ. ರಾತ್ರಿಗೊಂದು ಬಲೆಯ ಬೇಲಿ, ಬೆಳಗಾದರೆ ಒಳಗೆ ಮೊಟ್ಟೆ ಹೆಕ್ಕಿ ಮುಂದಿನ ಗದ್ದೆ. ಅಲ್ಲಿ ಮನೆ ಎಂದರೆ ಒಬ್ಬ ಮನುಷ್ಯನ ದನಿ ಮತ್ತು ಕೋಲು. ಇಲ್ಲಿ ನಗ್ಗಿದ ಪಾತ್ರೆ.

ಹದಿಮೂರನೆಯ ದಿನ ಸಂಜೆ ಐದೂವರೆಗೆ, ಹಸಿದ ಹೊತ್ತು ನೋಡಿ ಬಾಗಿಲು ತೆರೆದೆ. ಹತ್ತು ನಿಮಿಷ ಒಂದೂ ಹೊರಗೆ ಬರಲಿಲ್ಲ. ಆಮೇಲೆ ಒಂದು ಹೊಸ್ತಿಲು ದಾಟಿತು, ಹಿಂದೆಯೇ ಆರು. ಅಂಗಳದ ಗುಂಡಿಯಲ್ಲಿ ನಿಂತ ನೀರಿಗೆ ಕೊಕ್ಕು ಹಾಕಿದವು ಅಷ್ಟೇ, ಆರಕ್ಕೆ ಪಾತ್ರೆ ಬಡಿದಾಗ ಬಾಗಿಲಿಗೆ ಬಂದು ನಿಂತುಬಿಟ್ಟವು. ಒಳಗಿನ ಕತ್ತಲೆಗೆ ಹೆದರುತ್ತಿದ್ದವು. ಒಂದು ಸಣ್ಣ ಬಲ್ಬು ಹಾಕಿದ ಮೇಲೆ ಸಾಲಾಗಿ ಹೋದವು. ಮರುದಿನ ಒಂದು ಗಂಟೆ, ಅದರ ಮರುದಿನ ಎರಡು.

ನಾಲ್ಕನೆಯ ದಿನ ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಐದು ಗಂಟೆಗೆ ನೋಡಿದರೆ ಏಳೂ ತೋಡಿನಲ್ಲಿ, ಸಂಕದಿಂದ ಕೆಳಗೆ, ಕೆಂಪು ನೀರಿನ ಜೊತೆ ತೇಲುತ್ತಾ ಆಚೆಮನೆಯ ತೆಂಗಿನ ಬುಡ ದಾಟುತ್ತಿದ್ದವು. ನಾನು ದಂಡೆಯಲ್ಲಿ ಓಡಿದೆ. ಓಡಿದಷ್ಟೂ ಅವು ಮುಂದೆ. ಹಿಂದಿನಿಂದ ಟಣ್ ಟಣ್ ಟಣ್. ಅಮ್ಮ ಕೊಡೆಯೂ ಇಲ್ಲದೆ ಸಂಕದ ಮೇಲೆ ನಿಂತು ಬಡಿಯುತ್ತಿದ್ದರು. ಮುಂದಿನದು ನೀರಿನಲ್ಲೇ ತಿರುಗಿತು. ಸೆಳೆತಕ್ಕೆ ಎದುರಾಗಿ ಒಂದಿಷ್ಟು ಈಜಿ, ಆಗದೆ, ದಂಡೆ ಹತ್ತಿ ಹುಲ್ಲಿನಲ್ಲಿ ಓಲಾಡುತ್ತಾ ನನ್ನ ಕಾಲ ಪಕ್ಕದಿಂದಲೇ ಹಾದು ಹೋಯಿತು, ನನ್ನ ಕಡೆ ನೋಡಲೂ ಇಲ್ಲ. ಒಂದು, ಎರಡು, ಐದು, ಆರು. ಏಳನೆಯದು ಕೆಸುವಿನ ಎಲೆಯಡಿ ಏನೋ ನುಂಗಿ ಮುಗಿಸಿ ಆಮೇಲೆ ಬಂತು.

ಇನ್ನು ಎರಡು ತಿಂಗಳಲ್ಲಿ ಮೊಟ್ಟೆ ಶುರುವಾಗಬೇಕು. ಬಾತು ಮೊಟ್ಟೆಯಿಡುವುದು ನಸುಕಿನಲ್ಲಿ, ಬೇಗ ಬಿಟ್ಟರೆ ತೋಡಿನಲ್ಲೇ ಇಟ್ಟು ಬರುತ್ತವೆ, ಆಗ ಬೆಳಿಗ್ಗೆ ಒಂಬತ್ತರವರೆಗೆ ಬಾಗಿಲು ತೆರೆಯುವ ಹಾಗಿಲ್ಲ ಎಂದು ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ. ಅವರು ಒಪ್ಪಿಲ್ಲ.