ಕೋಲು ಇರಲೋ, ತೆಗೀಲೋ?

ಗಾಲ್ಫ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹಸಿರು ಹುಲ್ಲು, ಬಿಳೀ ಟೋಪಿ, ದುಡ್ಡಿರೋರ ಆಟ, ಅಷ್ಟೇ. ನಾನೂ ಆಡುವವನಲ್ಲ, ನೋಡುವವನು. ಅದೂ ರಾತ್ರಿ ಹೊತ್ತು, ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಓಡ್ತಿರೋವಾಗ ಪಕ್ಕದ ಕಿಟಕಿಯಲ್ಲಿ :) ಆದ್ರೆ ಈ ಆಟದ ಒಂದು ಸಣ್ಣ ಪ್ರಶ್ನೆ ಕೆಲವು ದಿನಗಳಿಂದ ತಲೆಯಲ್ಲಿ ಕೂತುಬಿಟ್ಟಿದೆ. ಕುಳಿಯೊಳಗೆ ಬಾವುಟ ಕಟ್ಟಿದ ಕೋಲು ನಿಲ್ಲಿಸಿರ್ತಾರಲ್ಲ, ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವಾಗ, ಅಂದರೆ ಪಟ್ ಮಾಡುವಾಗ, ಆ ಕೋಲು ಅಲ್ಲೇ ಇದ್ದರೆ ಲಾಭವೋ ನಷ್ಟವೋ?

2018ರವರೆಗೆ ಈ ಪ್ರಶ್ನೆ ಕೇಳೋ ಅಗತ್ಯವೇ ಇರಲಿಲ್ಲ. ಗ್ರೀನ್ ಮೇಲಿಂದ ಪಟ್ ಮಾಡಿದ ಚೆಂಡು ಕೋಲಿಗೆ ತಾಗಿದರೆ ಎರಡು ಹೊಡೆತ ದಂಡ. ಮ್ಯಾಚ್ ಪ್ಲೇ ಆದರೆ ಆ ಕುಳಿಯೇ ಕೈಬಿಟ್ಟಂತೆ. ಹಾಗಾಗಿ ಹತ್ತಿರದಿಂದ ಆಡುವಾಗ ಕೋಲು ಕಿತ್ತು ಪಕ್ಕಕ್ಕಿಡ್ತಿದ್ರು. ದೂರದಿಂದ ಆಡುವಾಗ ಕುಳಿ ಕಾಣಲಿ ಅಂತ ಕ್ಯಾಡಿ ಕೋಲು ಹಿಡಿದು ನಿಂತು, ಚೆಂಡು ಹೊರಟ ಮೇಲೆ ತೆಗೀತಿದ್ದ. ಗ್ರೀನ್ ಹೊರಗಿನಿಂದ ಹೊಡೆದ ಚೆಂಡು ತಾಗಿದರೆ ಮಾತ್ರ ಆಗಲೂ ದಂಡ ಇರಲಿಲ್ಲ.

2019ರ ಜನವರಿ 1ರಿಂದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ನಿಯಮಗಳನ್ನೇ ಹೊಸದಾಗಿ ಬರೆದವು. 34 ಇದ್ದದ್ದು 24 ಆಯ್ತು. ಕೋಲು ಕುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು, ತಾಗಿದರೂ ದಂಡವಿಲ್ಲ. ಮುಖ್ಯ ಕಾರಣ ಸಮಯ ಉಳಿಸೋದು. ಕೋಲಿಗೆ ಬಡಿದು ಕೆಲವು ಚೆಂಡು ಒಳಗೆ ಹೋಗುತ್ತೆ, ಕೆಲವು ಹೊರಗೆ ಪುಟಿಯುತ್ತೆ, ಒಟ್ಟಾರೆ ಯಾರಿಗೂ ವಿಶೇಷ ಲಾಭವಿಲ್ಲ ಅನ್ನೋದು ನಿಯಮ ಮಾಡಿದವರ ಅಂದಾಜು.

ಆಟಗಾರರು ಅಷ್ಟಕ್ಕೆ ಬಿಡ್ತಾರಾ? ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಬ್ರೈಸನ್ ಡಿಶಾಂಬೋ, ಕೋಲು ಯಾವುದರಿಂದ ಮಾಡಿದ್ದು, ಎಷ್ಟು ಪುಟಿಸುತ್ತೆ ಅನ್ನೋದರ ಮೇಲೆ ನಿರ್ಧಾರ ಮಾಡ್ತೀನಿ ಅಂದ. 2019ರ ಮೊದಲ ವಾರದಲ್ಲೇ ಹವಾಯಿಯ ಪಂದ್ಯದಲ್ಲಿ ಕೋಲು ಬಿಟ್ಟೇ ಆಡಿದ. ಆಡಮ್ ಸ್ಕಾಟ್ ಕೂಡ ಅದೇ ದಾರಿ ಹಿಡಿದ. ನಾಸಾದಲ್ಲಿ ಕೆಲಸ ಮಾಡಿ ಆಮೇಲೆ ಗಾಲ್ಫ್ ಪಾಠಕ್ಕಿಳಿದ ಡೇವ್ ಪೆಲ್ಜ್ ಅಂತೂ 1990ರ ಸುಮಾರಿಗೇ ಪ್ರಯೋಗ ಮಾಡಿ, ಗ್ರೀನ್ ಹೊರಗಿನಿಂದ ಆಡುವವರಿಗೆ ಕೋಲು ಬಿಡಿ ಅಂತಲೇ ಹೇಳಿದ್ದ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೆಲ್ಲಾ ಯಾಕೆ ಅನ್ನಿಸಿದರೆ, ಟೋಕಿಯೋ ಒಲಿಂಪಿಕ್ಸ್ ನೆನಪು ಮಾಡ್ಕೊಳ್ಳಿ. 2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಗೊತ್ತಿಲ್ಲದ ನಮ್ಮ ಜನರೂ ಟೀವಿ ಮುಂದೆ ಕೂತಿದ್ರು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ನಾಲ್ಕು ದಿನ, 72 ಕುಳಿ ಆಡಿ ನಾಲ್ಕನೇ ಸ್ಥಾನಕ್ಕೆ ಬಂದಳು. ಪದಕಕ್ಕೂ ಅವಳಿಗೂ ಇದ್ದ ಅಂತರ ಒಂದೇ ಒಂದು ಹೊಡೆತ. ಈ ಆಟದಲ್ಲಿ ಒಂದು ಹೊಡೆತ ಅಂದರೆ ಅಷ್ಟು.

ಸರಿ, ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆ. (ಲೆಕ್ಕ ಬೇಡ ಅನ್ನೋರು ಎರಡು ಪ್ಯಾರಾ ಹಾರಿಸಿ, ಬೇಜಾರಿಲ್ಲ.) ಕುಳಿಯ ಅಗಲ 108 ಮಿ.ಮೀ. ಚೆಂಡಿನದು ಸುಮಾರು 42.7. ಅಂಚು ದಾಟಿದ ಕ್ಷಣದಿಂದ ಚೆಂಡು ಬೀಳೋಕೆ ಶುರುವಾಗುತ್ತೆ. ಎದುರಿನ ಅಂಚಿಗೆ ಬಡಿಯೋ ಹೊತ್ತಿಗೆ ಅದು ಅರ್ಧದಷ್ಟಾದರೂ ಇಳಿದಿರಬೇಕು. ಅರ್ಧ ಇಳಿಯೋಕೆ ಬೇಕಾದ ಸಮಯ ಸೆಕೆಂಡಿನ ನೂರರಲ್ಲಿ ಆರೂವರೆ ಭಾಗ. ಅಷ್ಟರಲ್ಲಿ ಅದು ಮುಂದೆ ಹೋಗಬಹುದಾದ ದೂರ 87 ಮಿ.ಮೀ. ಅಂದರೆ ಸರಿಯಾಗಿ ನಡುವಿಗೆ ಬಂದ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್ ಒಳಗಿರಬೇಕು. ಎದುರಿನ ಅಂಚಿಗೆ ಬಡಿದು, ಮೇಲೆ ಹಾರಿ, ಮತ್ತೆ ಒಳಗೇ ಬೀಳೋದನ್ನೂ ಸೇರಿಸಿ 1991ರಲ್ಲಿ ಬ್ರಯಾನ್ ಹೋಮ್ಸ್ ಎಂಬಾತ ಬರೆದ ಪ್ರಬಂಧದಲ್ಲಿ ಈ ಮಿತಿ 1.63 ಮೀಟರ್. ಸೆಕೆಂಡಿಗೆ 1.83 ಮೀಟರಿನಲ್ಲಿ ಬಿಟ್ಟ ಚೆಂಡು 10 ಅಡಿ ಓಡುವಂಥ ಗ್ರೀನ್ ಇದ್ದರೆ, 1.63 ಅಂದರೆ ಕುಳಿ ಇಲ್ಲದಿದ್ದರೆ ಸುಮಾರು 8 ಅಡಿ ಮುಂದೆ ಹೋಗ್ತಿದ್ದ ಚೆಂಡು. ಅಂಥದ್ದನ್ನೂ ಬರೀ ಕುಳಿಯೇ ನುಂಗಬಲ್ಲದು!

ಈಗ ನಡುವೆ ಅರ್ಧ ಇಂಚಿನ ಕೋಲು ನಿಲ್ಲಿಸಿ. ಸೆಕೆಂಡಿಗೆ 2 ಮೀಟರಿನಲ್ಲಿ ಬಂದ ಚೆಂಡು, ಅಂದರೆ 12 ಅಡಿ ಮುಂದೆ ಓಡಬೇಕಾಗಿದ್ದ ಚೆಂಡು, ಕೋಲಿಗೆ ಬಡಿಯುವಾಗ ಇನ್ನೂ ಒಂದು ಮಿ.ಮೀ. ಕೂಡ ಇಳಿದಿರೋದಿಲ್ಲ. ಅದು ವಾಪಸ್ ಪುಟಿಯೋ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆ ಇದ್ದರೆ ಒಳಗೆ ಬೀಳುತ್ತೆ, ಜಾಸ್ತಿ ಇದ್ದರೆ ಬಂದ ದಾರಿಗೇ ಹೊರಗೆ. ಡಿಶಾಂಬೋ ಕೋಲಿನ ವಸ್ತುವಿನ ಬಗ್ಗೆ ತಲೆ ಕೆಡಿಸ್ಕೊಂಡಿದ್ದು ಇದಕ್ಕೇ. ಬಾಗಿ ಪೆಟ್ಟು ಹೀರಿಕೊಳ್ಳೋ ಫೈಬರ್‌ಗ್ಲಾಸ್ ಕೋಲು ಒಂದು ಥರ, ಗಟ್ಟಿ ಲೋಹದ್ದು ಇನ್ನೊಂದು ಥರ. ಚೆಂಡಿನ ಉರುಳುವಿಕೆ, ಹುಲ್ಲು, ಗಾಳಿ ಎಲ್ಲಾ ಬಿಟ್ಟು ಹಾಕಿದ ಒರಟು ಲೆಕ್ಕ ಇದು. ಆದರೂ ಒಂದು ಮಾತು ಸ್ಪಷ್ಟ: ಕೋಲಿನಿಂದ ಉಪಕಾರ ಆಗೋದು ಜೋರಾಗಿ ಬಂದ ಚೆಂಡಿಗೆ ಮಾತ್ರ. ಕುಳಿ ದಾಟಿ ಒಂದೂವರೆ ಅಡಿಯಲ್ಲಿ ನಿಲ್ಲುವಷ್ಟು ಹದವಾಗಿ ಬಂದ ಚೆಂಡು, ಕೋಲಿದ್ದರೂ ಬೀಳುತ್ತೆ, ಇಲ್ಲದಿದ್ದರೂ ಬೀಳುತ್ತೆ.

ಹಾಗಾದ್ರೆ ಕೋಲು ಬಿಡೋದರಲ್ಲಿ ನಷ್ಟವೇನೂ ಇಲ್ವಲ್ಲ, ಬಿಟ್ಟರಾಯ್ತು ಅಂತ ನನಗನ್ನಿಸಿತ್ತು. ಈ ತೀರ್ಮಾನವನ್ನ ನಮ್ಮ ಸೋದರಮಾವನ ಮುಂದಿಟ್ಟೆ. ಮಾವ ಬೆಂಗಳೂರಿನ ಒಂದು ಗಾಲ್ಫ್ ಕೋರ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕ್ಯಾಡಿ ಆಗಿದ್ದವರು. ಗಾಲ್ಫ್ ಅನ್ನೋ ಪದ ನಮ್ಮನೆಗೆ ಬಂದಿದ್ದೇ ಅವರಿಂದ. ಮಂಡಿ ನೋವು ಅಂತ ನಿಯಮ ಬದಲಾಗೋ ಮುಂಚೆಯೇ ಬಿಟ್ಟರು.

ಹಾಳೆಯನ್ನ ಪೂರ್ತಿ ನೋಡಿದ್ರು. ಆಮೇಲೆ, "ಅಲ್ಲ ಕಣೋ, ಕೋಲಿದೆ ಅಂತ ಜೋರಾಗಿ ಹೊಡೆದ ಅಂತಿಟ್ಕೋ. ಕೋಲಿಗೆ ತಾಗಲಿಲ್ಲ. ಆಗ?" ಅಂದ್ರು.

ಅಷ್ಟೇ. ನಾನು ಸುಮ್ಮನೆ ಪೆನ್ನು ತಗೊಂಡು ಇನ್ನೊಂದು ಸಾಲು ಲೆಕ್ಕ ಬರೆದೆ. ಚೆಂಡಿನ ನಡುಬಿಂದು ಕುಳಿಯ ನಡುವಿನಿಂದ 28 ಮಿ.ಮೀ.ಗಿಂತ ಆಚೆ ಸರಿದರೆ ಚೆಂಡು ಕೋಲನ್ನು ಮುಟ್ಟೋದೇ ಇಲ್ಲ. ಅಂದರೆ ಕುಳಿಯ ಅರ್ಧ ಅಗಲಕ್ಕಷ್ಟೇ ಕೋಲಿನ ಕಾವಲು. ಉಳಿದರ್ಧದಲ್ಲಿ ಬಂದ ಜೋರು ಚೆಂಡು ಅಂಚು ಸವರಿಕೊಂಡು ಹೋಗಿ 12 ಅಡಿ ಆಚೆ ನಿಲ್ಲುತ್ತೆ. ಅಲ್ಲಿಂದ ಮತ್ತೆ ಪಟ್ ಮಾಡಬೇಕು. ಹದವಾಗಿ ಬಂದಿದ್ದರೆ ಅದೇ ಅಂಚಿನಲ್ಲಿ ತಿರುಗಿ ಒಳಗೆ ಬೀಳ್ತಿತ್ತು. ಕೋಲು ಮಾಡೋ ಕೆಡುಕು ಕುಳಿಯೊಳಗಿಲ್ಲ, ಆಡುವವನ ಕೈಯಲ್ಲಿದೆ. ಅದನ್ನ ನಂಬಿ ಕೈ ಬಿರುಸಾದರೆ ಅದು ಕೊಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಕಿತ್ಕೊಳ್ಳುತ್ತೆ.

ಮಾವನ ಬೇಸರ ಬೇರೆ ಇತ್ತು. "ನಿನ್ನ ಲೆಕ್ಕದಲ್ಲಿ ಕೋಲಿದೆ, ಹಿಡಿಯೋನು ಎಲ್ಲಿ?" ಅಂದ್ರು. ಕೋಲು ಹಿಡಿಯೋದು ಅಂದರೆ ಬರೀ ನಿಲ್ಲೋದಲ್ಲವಂತೆ. ಮೊದಲೇ ಒಂದ್ಸಲ ಅಲ್ಲಾಡಿಸಿ ಸಡಿಲ ಮಾಡ್ಕೋಬೇಕು, ಇಲ್ಲಾಂದ್ರೆ ಚೆಂಡು ಬರೋ ಹೊತ್ತಿಗೆ ಕಚ್ಚಿಕೊಂಡುಬಿಡುತ್ತೆ. ಬಟ್ಟೆ ಪಟಪಟ ಅನ್ನದ ಹಾಗೆ ಕೋಲಿನ ಜೊತೆ ಸೇರಿಸಿ ಹಿಡೀಬೇಕು. ನೆರಳು ಚೆಂಡಿನ ದಾರಿಗೆ ಬೀಳಬಾರದು. ಬೇರೆಯವರ ಚೆಂಡಿನ ದಾರಿ ತುಳೀಬಾರದು. ಕ್ಯಾಡಿ ತೆಗೆಯೋದು ತಡವಾಗಿ ಚೆಂಡು ತಾಗಿದರೆ ದಂಡ ಆಟಗಾರನಿಗೆ. "ಅವರು ಬಾಳ ದೊಡ್ಡ ಮನುಷ್ಯರು, ಅವರ ಎರಡು ಹೊಡೆತ ನಮ್ಮ ಕೈಯಲ್ಲಿರ್ತಿತ್ತು," ಅಂದ್ರು. ಹೇಳುವಾಗ ಅವರ ಎಡಗೈ ತಾನಾಗೇ ಮುಷ್ಟಿ ಹಿಡಿದಿತ್ತು.

ಈಗಲೂ ಕೋಲು ಹಿಡಿಸಿಕೊಳ್ಳೋಕೆ ನಿಯಮದಲ್ಲಿ ಅವಕಾಶವಿದೆ. ಆದರೆ ಬೇಕಾಗೋದು ಕಡಿಮೆ. 2020ರ ಕೋವಿಡ್ ಹೊತ್ತಿನಲ್ಲಂತೂ ಎಷ್ಟೋ ಕಡೆ ಕೋಲು ಯಾರೂ ಮುಟ್ಟಲೇಬಾರದು ಅಂತ ಇತ್ತು. ಉಳಿದ ಸಮಯ ಎಲ್ಲರಿಗೂ ಒಳ್ಳೇದೇ, ಇಲ್ಲ ಅನ್ನಲ್ಲ. ಆ ಸಮಯದ ಲೆಕ್ಕದಲ್ಲಿ ಮಾವನಂಥವರ ಈ ಕಸುಬು ಮಾತ್ರ ಎಲ್ಲೂ ಜಮೆ ಆಗಲಿಲ್ಲ.

ಗೊತ್ತಿರಲಿ ಅಂತ ಇನ್ನೆರಡು ಮಾತು. ಇಡೋದೋ ತೆಗೆಯೋದೋ ಅಂತ ಹೊಡೆಯೋ ಮುಂಚೆಯೇ ತೀರ್ಮಾನಿಸಬೇಕು, ಬಿಟ್ಟ ಮೇಲೆ ಚೆಂಡು ಓಡುವಾಗ ಕಿತ್ತು ಅದರ ದಾರಿ ಬದಲಿಸುವಂತಿಲ್ಲ. ವಾಲಿದ ಕೋಲನ್ನು ನೇರ ಮಾಡಬಹುದು, ಲಾಭಕ್ಕೆ ಅಂತ ವಾಲಿಸೋ ಹಾಗಿಲ್ಲ. ಚೆಂಡು ಕೋಲಿಗೂ ಅಂಚಿಗೂ ನಡುವೆ ಸಿಕ್ಕಿಕೊಂಡರೆ, ಅದರ ಸ್ವಲ್ಪ ಭಾಗ ನೆಲಮಟ್ಟಕ್ಕಿಂತ ಕೆಳಗಿದ್ದರೂ ಸಾಕು, ಬಿತ್ತು ಅಂತಲೇ ಲೆಕ್ಕ. ಕೋಲು ನೆಟ್ಟಗಿದ್ದಾಗ ಚೆಂಡಿಗೆ ಉಳಿಯೋ ಜಾಗ ಬರೀ 5 ಮಿ.ಮೀ. ಹೆಚ್ಚು, ಹಾಗಾಗಿ ಈ ನಿಯಮ ಬೇಕೇ ಬೇಕಿತ್ತು.

ಒಟ್ಟಿನಲ್ಲಿ ನನಗೆ ಅನ್ನಿಸಿದ್ದು ಇಷ್ಟು. ಬಲು ದೂರದಿಂದ, ಅಥವಾ ಚೆಂಡು ನಿಲ್ಲೋದು ಕಷ್ಟ ಅನ್ನುವಂಥ ಇಳಿಜಾರಿನಲ್ಲಿ ಆಡುವಾಗ ಕೋಲು ಇರಲಿ. ಹತ್ತಿರದಿಂದ ಆಡುವಾಗ, ಕುಳಿ ಖಾಲಿ ಕಂಡರೆ ಮನಸ್ಸಿಗೆ ಧೈರ್ಯ ಅನ್ನೋರು ತೆಗೆದಿಡಲಿ, ಕಳ್ಕೊಳ್ಳೋದೇನಿಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ಕೋಲು ಇಲ್ಲ ಅಂದ್ಕೊಂಡೇ ಹೊಡೀಬೇಕು. ನಿಮ್ಮಲ್ಲಿ ಯಾರಾದರೂ ಆಡೋರಿದ್ದರೆ, ನಿಮ್ಮ ಕೈಗೆ ಏನನ್ನಿಸುತ್ತೆ ಅಂತ ಬರೀರಿ. ಮಾವನಿಗೆ ಓದಿ ಹೇಳ್ತೀನಿ.